ಗೋಣಿಯ ತೂಕ

2020ರ ಮಾರ್ಚ್. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯೆಂದು ನಾಲ್ಕು ದಿನ ರಜೆ ಹಾಕಿ ಅಂಕೋಲೆಯಿಂದ ಮನೆಗೆ ಬಂದಿದ್ದೆ. ದೇವಿ ಬಿಡ್ಕಿಬೈಲಿನ ಗದ್ದುಗೆಗೆ ಬಂದ ಮಾರನೇ ದಿನ ಪೋಸ್ಟ್‌ಮನ್ ಒಂದು ರಿಜಿಸ್ಟರ್ ಲಕೋಟೆ ತಂದುಕೊಟ್ಟ. ಒಳಗೆ ಒಂದೂವರೆ ಪುಟದ ಆದೇಶ. ನನ್ನ ನಿರ್ಲಕ್ಷ್ಯದಿಂದ ನಿಗಮಕ್ಕೆ ಆದ ನಷ್ಟ ರೂ. 3,77,400. ಇದನ್ನು ಮಾರ್ಚ್ ಸಂಬಳದಿಂದಲೇ ತಿಂಗಳಿಗೆ 15,000ದಂತೆ ಮುರಿದುಕೊಳ್ಳತಕ್ಕದ್ದು, ನಿವೃತ್ತಿಯ ಹೊತ್ತಿಗೆ ಬಾಕಿ ಉಳಿದರೆ ಗ್ರಾಚ್ಯುಯಿಟಿಯಿಂದ, ಅಂದರೆ ನಿವೃತ್ತಿಯಾದಾಗ ಸಿಗುವ ಇಡಿಗಂಟಿನಿಂದ, ವಸೂಲು ಮಾಡತಕ್ಕದ್ದು.

ಆ ಸಂಜೆ ಜಾತ್ರೆಗೆ ಹೋದೆವು. ಮೊಮ್ಮಗಳಿಗೆ ತೊಟ್ಟಿಲು ಹತ್ತಿಸಿ ಕೆಳಗೆ ನಿಂತವನಿಗೆ ಮೇಲಿನ ದೀಪ ಕಾಣಲಿಲ್ಲ, ಕಿಸೆಯಲ್ಲಿದ್ದ ಲಕೋಟೆಯೇ ಕಾಣುತ್ತಿತ್ತು.

ನಿಗಮದ ಹೆಸರು ಬರೆಯುವುದಿಲ್ಲ. ಮೂವತ್ತೊಂದು ವರ್ಷ ಅದರ ಅನ್ನ ತಿಂದಿದ್ದೇನೆ. 1990ರಲ್ಲಿ ಗುಮಾಸ್ತನಾಗಿ ಸೇರಿ, ಕೊನೆಗೆ ಗಂಗಾವಳಿ ಹೊಳೆಯಿಂದ ಹೆಚ್ಚು ದೂರವಿಲ್ಲದ ಒಂದು ಗೋದಾಮಿನ ಪಾಲಕನಾಗಿದ್ದೆ. ಪಡಿತರದ ಅಕ್ಕಿ ಲಾರಿಯಲ್ಲಿ ಬರುತ್ತದೆ, ಹಮಾಲರು ಇಳಿಸಿ ಒಂದರ ಮೇಲೊಂದು ಪೇರಿಸಿ ಥಪ್ಪಿ ಕಟ್ಟುತ್ತಾರೆ, ನಾವು ಲೆಕ್ಕ ಇಟ್ಟು ಮತ್ತೆ ಲಾರಿಗೆ ಹಾಕಿ ಕಳಿಸುತ್ತೇವೆ. ಕೇಳಲಿಕ್ಕೆ ಸುಲಭದ ಕೆಲಸ. ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಅಕ್ಕಿಯನ್ನು ಒಣಗಿದ ಹಾಗೆ ಇಟ್ಟುಕೊಂಡಿರುವುದು ಎಷ್ಟು ಸುಲಭವೆಂದು ಬಂದು ನೋಡಿದವರಿಗೇ ಗೊತ್ತು.

2019ರ ಆಗಸ್ಟ್ ಮೊದಲ ವಾರ ಏನಾಯಿತೆಂದು ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕದ್ರಾ ಅಣೆಕಟ್ಟಿನ ಗೇಟು ತೆಗೆದು ಕಾಳಿ ದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತ್ತು. ಇತ್ತ ಗಂಗಾವಳಿಯೂ ಉಕ್ಕಿತ್ತು. ನಮ್ಮ ಸಹಸ್ರಲಿಂಗದ ಶಾಲ್ಮಲೆ ಬೇಡ್ತಿಗೆ ಸೇರುತ್ತದೆ, ಆ ಬೇಡ್ತಿಯೇ ಘಟ್ಟ ಇಳಿದು ಗಂಗಾವಳಿಯಾಗುತ್ತದೆ. ಅಂದರೆ ನನ್ನ ಊರಿನ ನೀರೇ ನನ್ನ ಗೋದಾಮಿಗೆ ಬಂದದ್ದು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಡೆಯಿಂದ ಏರಿದ ನೀರು ಹಿಂದಿನ ಚರಂಡಿಯಲ್ಲಿ ಹಿಮ್ಮುಖವಾಗಿ ಹರಿದು ಒಳಗೆ ಬಂತು. ಮೇಲಿಂದ ಮಾಡು ಸೋರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಆರು ಜನ ಹಮಾಲರು ಮೊಣಕಾಲುದ್ದ ನೀರಿನಲ್ಲಿ ಬಂದರು. ಅವರ ಮನೆಗಳಿಗೇ ನೀರು ಬಂದಿತ್ತು, ಆದರೂ ಬಂದರು. ಬೆಳಗಿನವರೆಗೆ ಕೆಳಗಿನ ಸಾಲಿನ ಚೀಲ ಎತ್ತಿ ಎತ್ತಿ ಬೇರೆ ಥಪ್ಪಿಯ ಮೇಲೆ ಹಾಕಿದೆವು.

ನೀರು ಇಳಿದ ಮೇಲೆ ಉಳಿದ ಲೆಕ್ಕ ಹೀಗೆ. ಪುಸ್ತಕದಲ್ಲಿ 3,842 ಚೀಲ. ಎಣಿಸಿದಾಗಲೂ 3,842. ಅದರಲ್ಲಿ 146 ಚೀಲ ನೆನೆದು ಹಾಳು, 50 ಕಿಲೋದ ಚೀಲದಂತೆ 73 ಕ್ವಿಂಟಲ್. ಸೆಪ್ಟೆಂಬರಿನಲ್ಲಿ ಜಿಲ್ಲಾ ಕಚೇರಿಯ ತಂಡ ಬಂದು ಉಳಿದ 3,696 ಚೀಲವನ್ನು ತೂಗಿದಾಗ ಪುಸ್ತಕದ ತೂಕಕ್ಕಿಂತ 38 ಕ್ವಿಂಟಲ್ ಕಡಿಮೆ. ಎರಡೂ ಸೇರಿ 111 ಕ್ವಿಂಟಲ್. ಕ್ವಿಂಟಲಿಗೆ ಅವರು ಹಿಡಿದ ದರ 3,400. ಗುಣಿಸಿದರೆ ಬರುವುದೇ ಆ 3,77,400.

ಆದೇಶಕ್ಕೆ ಮೊದಲು ಒಂದು ಕಾರಣ ಕೇಳುವ ನೋಟಿಸ್ ಬಂದಿತ್ತು, ಏಳು ದಿನದ ಗಡುವು. ನಾನು ಉತ್ತರವನ್ನೂ ಕೊಟ್ಟಿದ್ದೆ. ಇಲಾಖಾ ವಿಚಾರಣೆ ನಡೆಯಲಿಲ್ಲ, ಸಾಕ್ಷಿ ಕೇಳಲಿಲ್ಲ, ತೂಕದ ಹಾಳೆಯ ಪ್ರತಿ ಕೇಳಿದರೆ ಕೊಡಲಿಲ್ಲ. ಅದರ ನಡುವೆ ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ಕರೆಸಿ ಚಹಾ ಕುಡಿಸಿ, "ಹೆಗಡೇರೇ, ಒಂದು ಮುಚ್ಚಳಿಕೆ ಬರೆದುಕೊಡಿ. ಕಂತಿನಲ್ಲಿ ಕಟ್ಟುತ್ತೇನೆ ಅಂತ. ರಿಟೈರ್ ಆಗೋ ಹೊತ್ತಿಗೆ ಕಾಗದ ಸ್ವಚ್ಛ ಇರ್ತದೆ" ಎಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರೆಂದು ಈಗಲೂ ನಂಬುತ್ತೇನೆ. ಬೇರೆ ಗೋದಾಮಿನ ಇಬ್ಬರು ಬರೆದುಕೊಟ್ಟರು. ನಾನು ಪೆನ್ನು ತೆಗೆದದ್ದೂ ಹೌದು. ಒಂದು ದಿನ ಸಮಯ ಕೇಳಿ ಎದ್ದು ಬಂದೆ, ಅಷ್ಟೆ.

ಮನೆಯಲ್ಲಿ ಮಾತು ನಡೆಯಿತು. ಕೊಟ್ಟು ಮುಗಿಸುವುದೇ ಒಳ್ಳೆಯದೇನೋ ಎಂದವನು ನಾನು. ಅಡಿಕೆ ಸುಲಿಯುತ್ತ ಕೂತಿದ್ದ ಇವಳು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, "ಕೊಟ್ಬುಟ್ರೆ ಕದ್ದಿದ್ದು ಹೌದು ಹೇಳಿ ಒಪ್ಕಂಡಾಂಗೆ ಆಗ್ತು" ಎಂದಳು. ಮುಚ್ಚಳಿಕೆಯ ಕಥೆ ಅಲ್ಲಿಗೆ ಮುಗಿಯಿತು.

ವಕೀಲರನ್ನು ಹುಡುಕುವ ಮೊದಲೇ ನಾನು ಮೊಬೈಲಿನಲ್ಲಿ ಅರ್ಧ ವಕೀಲನಾಗಿದ್ದೆ. ರಫೀಕ್ ಮಸೀಹ್ ಪ್ರಕರಣ, ಸುಪ್ರೀಂ ಕೋರ್ಟು, 2014ರ ಡಿಸೆಂಬರ್. ಸಿ ಮತ್ತು ಡಿ ದರ್ಜೆಯ ನೌಕರರಿಂದ ವಸೂಲಿ ಕೂಡದು, ನಿವೃತ್ತರಿಂದ ಮತ್ತು ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಕೂಡದು. ಪ್ರಿಂಟ್ ತೆಗೆಸಿ, ಕೆಳಗೆ ಗೆರೆ ಎಳೆದು, ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸೇವಾ ಪ್ರಕರಣ ನಡೆಸುವ ಹಿರಿಯ ವಕೀಲರೊಬ್ಬರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ತೆಗೆದು ನಕ್ಕರು.

"ಹೆಗಡೇರ, ಇದು ನಿಮಗ ಹತ್ತೂದಿಲ್ರಿ. ಅದು ಆಫೀಸಿನವರು ತಪ್ಪಿ ಪಗಾರ ಹೆಚ್ಚಿಗಿ ಕೊಟ್ಟು ಆಮ್ಯಾಲ ವಾಪಸ್ ಕೇಳಿದ ಕೇಸ್. ನಿಮ್ಮದು ಲುಕ್ಸಾನದ ಕೇಸ್. ಎರಡೂ ವಸೂಲೀನ, ಆದರ ಎರಡೂ ಬ್ಯಾರೆ."

ಇದನ್ನು ಒತ್ತಿ ಬರೆಯುತ್ತಿದ್ದೇನೆ. ನನ್ನ ಹಾಗೆ ಆ ತೀರ್ಪಿನ ಪ್ರಿಂಟ್ ಹಿಡಿದು ಓಡಾಡುವ ಹತ್ತು ಜನರನ್ನು ಆಮೇಲೆ ನೋಡಿದ್ದೇನೆ. ಹೆಚ್ಚುವರಿ ಸಂಬಳದ ವಸೂಲಿಯಲ್ಲಿ ನೌಕರನ ತಪ್ಪಿಲ್ಲ ಎಂಬಲ್ಲಿಂದ ಮಾತು ಶುರುವಾಗುತ್ತದೆ. ನಷ್ಟದ ವಸೂಲಿಯಲ್ಲಿ ತಪ್ಪು ಯಾರದು ಎನ್ನುವುದೇ ಮಾತು. ಮಾಲು ಹಾಳಾಯಿತು ಎಂದು ತೋರಿಸಿದರೆ ಸಾಲದು. ಅದು ಇವನ ನಿರ್ಲಕ್ಷ್ಯದಿಂದಲೇ ಆಯಿತು, ಇಷ್ಟೇ ಆಯಿತು ಎಂದು ನಿಗಮ ತೋರಿಸಬೇಕು, ಇವನಿಗೆ ಎದುರು ಹೇಳಲು ಅವಕಾಶ ಕೊಟ್ಟು ತೋರಿಸಬೇಕು. ಇನ್ನೊಂದು ವಿಷಯವೂ ಅವತ್ತೇ ತಿಳಿಯಿತು. ಊರಲ್ಲಿ ನಮ್ಮದು ಸರ್ಕಾರಿ ನೌಕರಿ. ಮದುವೆ ಮಾತುಕತೆಯಲ್ಲೂ ಹಾಗೇ ಹೇಳಿದ್ದರು. ಕೋರ್ಟಿನ ಲೆಕ್ಕದಲ್ಲಿ ಅಲ್ಲ. ವಿಚಾರಣೆ ಇಲ್ಲದೆ ಕೆಲಸದಿಂದ ತೆಗೆಯಕೂಡದೆಂಬ ಸಂವಿಧಾನದ 311ನೇ ವಿಧಿಯ ರಕ್ಷಣೆ ನಿಗಮದವರಿಗೆ ಇಲ್ಲ. ಆದರೆ 12ನೇ ವಿಧಿಯ ಪ್ರಕಾರ ಇಂಥ ನಿಗಮವೂ 'ಪ್ರಭುತ್ವ'ವೇ. ಅದಕ್ಕಾಗಿ 226ನೇ ವಿಧಿಯ ಕೆಳಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ನಾವು ಸರ್ಕಾರಿ ನೌಕರರಲ್ಲ, ನಮ್ಮ ಯಜಮಾನ ಮಾತ್ರ ಸರ್ಕಾರ!

ಅರ್ಜಿ ಬರೆಯುವ ಹೊತ್ತಿಗೆ ಲಾಕ್‌ಡೌನ್ ಬಂತು. ಮಾರ್ಚ್, ಏಪ್ರಿಲ್, ಮೇ ಮೂರೂ ಸಂಬಳದಲ್ಲಿ ಹದಿನೈದು ಹದಿನೈದು ಸಾವಿರ ಹೋಯಿತು. ಜಗತ್ತೇ ನಿಂತಿದ್ದರೂ ಕಡಿತ ನಿಲ್ಲಲಿಲ್ಲ.

ಆ ಎರಡು ತಿಂಗಳು ಕಾಗದ ಹುಡುಕುವ ಕೆಲಸ ಮಾಡಿದೆ. ಮಾಡು ಸೋರುತ್ತಿದೆ, ಹಿಂದಿನ ಚರಂಡಿಯ ಮೋರಿ ಕುಸಿದಿದೆ ಎಂದು ಮೂರು ಸಲ ಮೇಲಿನವರಿಗೆ ಬರೆದಿದ್ದೆ: 2018ರ ಜೂನ್, 2019ರ ಏಪ್ರಿಲ್, 2019ರ ಜೂನ್. ಮೂರರಲ್ಲಿ ಆವಕ ಸೀಲು ಇದ್ದದ್ದು ಒಂದಕ್ಕೆ ಮಾತ್ರ. ಇನ್ನೆರಡನ್ನು ಲಾರಿ ಡ್ರೈವರ್ ಕೈಯಲ್ಲಿ ಕಳಿಸಿದ್ದೆ. ಮೂವತ್ತು ವರ್ಷ ಕಾಗದದ ನಡುವೆ ಬದುಕಿದವನಿಗೆ ಒಂದು ಸೀಲು ಹಾಕಿಸಿಕೊಳ್ಳುವ ಬುದ್ಧಿ ಇರಲಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಗೋದಾಮಿನ ದುರಸ್ತಿಯ ಕಡತ ಕೇಳಿದೆ. ಮೂವತ್ತು ದಿನದಲ್ಲಿ ಕೊಡಬೇಕು, ಲಾಕ್‌ಡೌನ್ ಎಂದು ತಡವಾಯಿತು, ಆದರೆ ಬಂತು. ಕಡತದಲ್ಲಿ ನನ್ನ ಮೂರೂ ಪತ್ರಗಳು ಪಿನ್ ಚುಚ್ಚಿಕೊಂಡು ಕೂತಿದ್ದವು! ಜೊತೆಗೆ ಎಂಜಿನಿಯರರ ಅಂದಾಜು ಪಟ್ಟಿ, ಅದರ ಮೇಲೆ ಷರಾ: 'ಅನುದಾನ ಲಭ್ಯವಿಲ್ಲ. ಮುಂದಿನ ಸಾಲಿಗೆ ನೋಡೋಣ.' ಕೆಳಗೆ ಸಹಿ, ತಾರೀಖು. ಆ ಹಾಳೆ ನೋಡಿ ವಕೀಲರು ಮೊದಲ ಬಾರಿ ಕುರ್ಚಿಯಲ್ಲಿ ಮುಂದೆ ಬಾಗಿದರು.

ಪತ್ರಗಳನ್ನು ಇಂಗ್ಲಿಷಿಗೆ ಮಾಡಿಸಿ ಅನುಬಂಧವಾಗಿ ಸೇರಿಸಬೇಕಿತ್ತು. ಕರಡು ಬಂದಾಗ ನೋಡಿದರೆ 'ಮಾಡು ಧಾರಾಕಾರ ಸೋರುತ್ತಿದೆ' ಎಂಬಲ್ಲಿ 'ಸೀಪೇಜ್' ಎಂದಿತ್ತು. ಸೋರುವುದು ಬೇರೆ, ಜಿನುಗುವುದು ಬೇರೆ. ಗೋಡೆ ಜಿನುಗುತ್ತದೆ, ಮಾಡು ಸೋರುತ್ತದೆ. ಜಿನುಗಿದರೆ ಗೋದಾಮು ಪಾಲಕ ಚೀಲ ಸರಿಸಬಹುದಿತ್ತು ಎಂದು ಎದುರಿನವರು ಹೇಳುತ್ತಾರೆ. ಅದನ್ನು ತಿದ್ದಿಸಲು ಫೋನಿನಲ್ಲಿ ಅರ್ಧ ಗಂಟೆ ವಾದಿಸಿದೆ. ಇಡೀ ಪ್ರಕರಣದಲ್ಲಿ ನಾನು ಸ್ವತಃ ಮಾಡಿದ ವಾದ ಅದೊಂದೇ.

ವಕೀಲರ ಕಚೇರಿಯ ಜೂನಿಯರ್ ಹುಡುಗಿ ಯಲ್ಲಾಪುರ ಕಡೆಯವಳು, ಅಡಿಕೆ ತೋಟದ ಮನೆಯವಳು. 38 ಕ್ವಿಂಟಲ್ ಕಡಿಮೆ ಬಂದದ್ದರ ಲೆಕ್ಕ ಕೇಳಿ ಬರೆದುಕೊಳ್ಳುತ್ತಿದ್ದವಳು ತಟ್ಟನೆ, "ಸರ್, ಗೋಣಿ ತೂಕ ಕಳದಿದ್ರಾ?" ಎಂದಳು.

ಕಳೆದಿರಲಿಲ್ಲ. ಜೂನ್, ಜುಲೈ ಮಳೆಯಲ್ಲಿ ರಾತ್ರಿ ಹೊತ್ತು ಬಂದ ಲಾರಿಗಳಿಗೆ ವೇಬ್ರಿಜ್ ಚೀಟಿಯ ತೂಕದಲ್ಲಿ ಲಾರಿಯ ತೂಕವನ್ನಷ್ಟೇ ಕಳೆದು ಪುಸ್ತಕಕ್ಕೆ ಏರಿಸಿದ್ದೆ. ಬರುವಾಗ ಅಕ್ಕಿಯ ಜೊತೆ ಗೋಣಿಯನ್ನೂ ಅಕ್ಕಿಯೆಂದು ಬರೆದೆ. ತಂಡ ತೂಗುವಾಗ ನಿಯಮದ ಪ್ರಕಾರ ಗೋಣಿ ಕಳೆದು ತೂಗಿತು. ಖಾಲಿ ಚೀಲ 580 ಗ್ರಾಂ. 3,696 ಚೀಲಕ್ಕೆ 21 ಕ್ವಿಂಟಲ್ 44 ಕಿಲೋ. ಕಳುವಾದ ಅಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕಿಯೇ ಅಲ್ಲ! ಅಡಿಕೆ ಮಂಡಿಯಲ್ಲಿ ಚಿಕ್ಕಂದಿನಿಂದ ಅಪ್ಪನ ಜೊತೆ ಕೂತು ಚೀಲದ ತೂಕ ಕಳೆಯುವುದನ್ನು ನೋಡಿದವನು ನಾನು. ಅವತ್ತು ಕುರ್ಚಿಯಲ್ಲಿ ಕೂರಲಾಗಲಿಲ್ಲ, ಹೊರಗೆ ಹೋಗಿ ಕವಳ ಹಾಕಿ ಬಂದೆ.

ಉಳಿದದ್ದು ಹದಿನಾರೂವರೆ ಕ್ವಿಂಟಲ್, ಹಣದಲ್ಲಿ ಸುಮಾರು 56,000. ಒಣಗಿ ಕಳೆದದ್ದು ಸ್ವಲ್ಪ, ಹೆಗ್ಗಣ ತಿಂದದ್ದು ಸ್ವಲ್ಪ, ಮೂರು ವಾರ ನಾನು ಸ್ಟಾಕ್ ಕಾರ್ಡ್ ತುಂಬದೆ ಬಿಟ್ಟಿದ್ದೆ, ಆಗ ಆದದ್ದು ಎಷ್ಟೋ ನನಗೇ ತಿಳಿಯದು. "ಇಷ್ಟಕ್ಕೆ ನಾನು ಹೊಣೆ ಎಂದು ಅರ್ಜಿಯಲ್ಲೇ ಬರೆದುಬಿಡೋಣ" ಎಂದೆ. ಹಿರಿಯರು ಸಿಟ್ಟಾದರು. "ಕೋರ್ಟ್ ಅಂದ್ರ ಪ್ರಾಯಶ್ಚಿತ್ತದ ಜಾಗಾ ಅಲ್ರಿ."

2020ರ ಜೂನ್ ಕೊನೆಗೆ ಅರ್ಜಿ ದಾಖಲಾಯಿತು. ಮೊದಲ ವಿಚಾರಣೆ ವಿಡಿಯೋದಲ್ಲಿ. ನಾನು ಮನೆಯ ಅಟ್ಟದಲ್ಲಿ, ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ, ಅಡಿಕೆ ಚೀಲಗಳ ಮೇಲೆ ಮೊಬೈಲ್ ಒರಗಿಸಿ ಕೂತಿದ್ದೆ. ನನ್ನ ಪ್ರಕರಣಕ್ಕೆ ಸಿಕ್ಕದ್ದು ಮೂರು ನಿಮಿಷ ಇರಬೇಕು. ಮುಂದಿನ ಕಡಿತಕ್ಕೆ ತಡೆಯಾಜ್ಞೆ ಸಿಕ್ಕಿತು.

ಆಮೇಲೆ ತಾರೀಖು. ನಿಗಮದವರು ಆಕ್ಷೇಪಣೆ ಸಲ್ಲಿಸಲು ಸಮಯ ಕೇಳಿದ್ದು, ಪಟ್ಟಿಯಲ್ಲಿ ಇದ್ದೂ ಸರದಿ ಬಾರದ್ದು, ವಕೀಲರು ಬದಲಾದದ್ದು. ಇವನ್ನೆಲ್ಲ ಬರೆದರೆ ಓದುವವರಿಗೂ ಅಷ್ಟೇ ಬೇಸರ. ಕೋರ್ಟು ಬಾಗಿಲು ತೆರೆದ ಮೇಲೆ ನಾಲ್ಕು ಸಲ ಹೋದೆ. ಕರೆಯದಿದ್ದರೂ ಹೋದೆ. ಮುಂಡಗೋಡದ ಮೇಲಿಂದ ಹುಬ್ಬಳ್ಳಿ, ಅಲ್ಲಿಂದ ಧಾರವಾಡ, ಊರು ದಾಟಿ ಬೆಳಗಾವಿ ಹೆದ್ದಾರಿಯ ಬದಿಯಲ್ಲಿ ಪೀಠದ ಕಟ್ಟಡ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು. ಅದಕ್ಕೆ ಮೊದಲು ನಮ್ಮ ಜಿಲ್ಲೆಯವರು ಇಂಥದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಿತ್ತು. ಆಗ ಆಗಿದ್ದರೆ ನಾನು ಮುಚ್ಚಳಿಕೆ ಬರೆದುಕೊಡುತ್ತಿದ್ದೆನೋ ಏನೋ.

2021ರ ಮೇ 31ಕ್ಕೆ ನಿವೃತ್ತನಾದೆ. ಎರಡನೇ ಅಲೆಯ ದಿನಗಳು. ಬೀಳ್ಕೊಡುಗೆ ಇಲ್ಲ, ಹಾರ ಇಲ್ಲ. ಬೀಗದ ಗೊಂಚಲು ಕೊಟ್ಟು ಸಹಿ ಹಾಕಿಸಿಕೊಂಡು ಬಂದೆ. ಈ ಸಲ ಸೀಲನ್ನೂ ಹಾಕಿಸಿಕೊಂಡೆ. ಗ್ರಾಚ್ಯುಯಿಟಿ ಮಾತ್ರ ಬರಲಿಲ್ಲ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 52,000. ಅದರ ಇಪ್ಪತ್ತಾರರಲ್ಲಿ ಹದಿನೈದು ಭಾಗ 30,000. ಮೂವತ್ತೊಂದು ವರ್ಷಕ್ಕೆ 9,30,000. ಜಗಳ ಇದ್ದದ್ದು ಮೂರು ಮುಕ್ಕಾಲು ಲಕ್ಷಕ್ಕೆ, ಹಿಡಿದಿಟ್ಟದ್ದು ಪೂರ್ತಿಯನ್ನು.

2022ರ ಮಾರ್ಚ್. ಮತ್ತೆ ಮಾರಿಕಾಂಬಾ ಜಾತ್ರೆ. ಅದೇ ವಾರ ರಿಟ್ ತೀರ್ಮಾನವಾಯಿತು. ಅವತ್ತು ನಾನು ಕೋರ್ಟಿನೊಳಗೆ ಹಿಂದಿನ ಬೆಂಚಿನಲ್ಲಿದ್ದೆ. ನಿಗಮದ ವಕೀಲರು ಮೊದಲು ತೂಕದ ಹಾಳೆ ತೋರಿಸಿದರು. ಹುಡುಗಿ ಗೋಣಿಯ ಲೆಕ್ಕದ ಹಾಳೆಯನ್ನು ಹಿರಿಯರ ಕೈಗೆ ಕೊಟ್ಟಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ನ್ಯಾಯಾಧೀಶರು ಎರಡನ್ನೂ ಬದಿಗಿಟ್ಟರು. ತಕರಾರಿನಲ್ಲಿರುವ ಸಂಗತಿಗಳನ್ನು ರಿಟ್‌ನಲ್ಲಿ ತೂಗಲಾಗದು. ವಿಚಾರಣೆ ನಡೆಸಿದ್ದೀರಾ? ಇಲ್ಲ. ತೂಕದ ಹಾಳೆ ಇವರಿಗೆ ಕೊಟ್ಟಿದ್ದೀರಾ? ಇಲ್ಲ. ದುರಸ್ತಿಯ ಪತ್ರಗಳ ಬಗ್ಗೆ ಆದೇಶದಲ್ಲಿ ಒಂದು ಸಾಲು ಇದೆಯೇ? ಇಲ್ಲ. ಆದೇಶ ರದ್ದು, ಕಡಿದ 45,000 ವಾಪಸ್, ನಿಯಮದಲ್ಲಿ ಅವಕಾಶ ಇದ್ದರೆ ಕಾನೂನು ಪ್ರಕಾರ ಮುಂದುವರಿಯಲು ನಿಗಮಕ್ಕೆ ಸ್ವಾತಂತ್ರ್ಯ.

ಗೆದ್ದೆವು ಎಂದು ಹಿರಿಯರು ಕೈ ಕುಲುಕಿದರು. ಗೆದ್ದದ್ದು ನಿಜ. ಆದರೆ ಹೆಗಡೆ ಕದ್ದಿಲ್ಲ ಎಂದು ಯಾರೂ ಹೇಳಲಿಲ್ಲ. ಗೋಣಿಯ ಹಾಳೆ ಮಡಚಿದ ಹಾಗೇ ಉಳಿಯಿತು. ಹುಬ್ಬಳ್ಳಿ ಬಸ್ಸಿನಲ್ಲಿ ಕೂತು ಇವಳಿಗೆ ಫೋನ್ ಮಾಡಿ, "ಆತು" ಎಂದೆ. "ಎಂತ ಹೇಳಿದ?" ಎಂದಳು. ಹೇಳಲಿಕ್ಕೆ ಬರಲಿಲ್ಲ.

ರಿಟ್ ಮುಗಿದರೂ ಗ್ರಾಚ್ಯುಯಿಟಿ ಬಿಡಲಿಲ್ಲ. 'ಮುಂದಿನ ಕ್ರಮ ಪರಿಶೀಲನೆಯಲ್ಲಿದೆ' ಎಂಬ ಪತ್ರ. ಈ ಹಾದಿ ಬೇರೆ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆಯಲ್ಲಿ ಮೊದಲು ನಮೂನೆ 'ಐ' ಯಜಮಾನನಿಗೆ. ಅದನ್ನು ನಿವೃತ್ತಿಯಾದ ತಿಂಗಳೇ ಕೊಟ್ಟಿದ್ದೆ. ಕೊಡದಿದ್ದರೆ ನಮೂನೆ 'ಎನ್' ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರಿಗೆ. ಅದಕ್ಕೂ ಗಡುವು ಇತ್ತು, ತಡವಾದದ್ದಕ್ಕೆ ಕಾರಣ ಬರೆದು ಕ್ಷಮೆ ಕೇಳಬೇಕಿತ್ತು. ಅಲ್ಲಿಯ ಕೋಣೆ ಕೋರ್ಟಿನಂತಲ್ಲ. ಒಂದು ಮೇಜು, ನಾಲ್ಕು ಕುರ್ಚಿ, ಕರೆದಾಗ ಎದುರೇ ಕೂತು ಮಾತಾಡಬಹುದು. ವಾದವೂ ಚಿಕ್ಕದು. ನೌಕರನ ನಿರ್ಲಕ್ಷ್ಯದಿಂದ ಆಸ್ತಿಗೆ ನಷ್ಟವಾದರೆ ಅಷ್ಟರ ಮಟ್ಟಿಗೆ ಗ್ರಾಚ್ಯುಯಿಟಿ ಮುಟ್ಟುಗೋಲು ಹಾಕಬಹುದೆಂದು ಆ ಕಾಯ್ದೆಯ ಕಲಂ 4(6)ರಲ್ಲಿ ಇತ್ತು. ಆದರೆ ಅದೇ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆದಿರಬೇಕಿತ್ತು. ನನ್ನನ್ನು ಯಾರೂ ತೆಗೆದಿರಲಿಲ್ಲ, ವಯಸ್ಸಾಗಿ ಬಂದವನು. ನಿಗಮದವರು ಸುಪ್ರೀಂ ಕೋರ್ಟಿನ 2020ರ ಮಹಾನದಿ ಕೋಲ್‌ಫೀಲ್ಡ್ಸ್ ತೀರ್ಪು ತಂದರು: ನಿವೃತ್ತಿಯ ನಂತರವೂ ಶಿಸ್ತು ಕ್ರಮ ಮುಂದುವರಿಸಿ ವಜಾ ಮಾಡಬಹುದು, ಅಲ್ಲಿಯವರೆಗೆ ಗ್ರಾಚ್ಯುಯಿಟಿ ತಡೆಹಿಡಿಯಬಹುದು ಎಂದು. ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ. ಅಲ್ಲಿ ಸೇವೆಯಲ್ಲಿದ್ದಾಗಲೇ ವಿಚಾರಣೆ ಶುರುವಾಗಿತ್ತು, ಇಲ್ಲಿ ಶುರುವಾದದ್ದು ಯಾವಾಗ?

2023ರ ಫೆಬ್ರುವರಿಯಲ್ಲಿ ಆದೇಶವಾಯಿತು. ಪೂರ್ತಿ 9,30,000, ಮೇಲೆ ಶೇ. 10 ಸರಳ ಬಡ್ಡಿ. ನಿಗಮ ಮೇಲ್ಮನವಿಗೆ ಹೋಯಿತು. ಯಜಮಾನ ಮೇಲ್ಮನವಿ ಹಾಕಬೇಕಾದರೆ ಹಣವನ್ನು ಮೊದಲು ಠೇವಣಿ ಇಡಬೇಕಿತ್ತು. ಈ ಕಾಯ್ದೆ ಬರೆದವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿ. ಏಪ್ರಿಲ್ ಕೊನೆಗೆ ಠೇವಣಿ ಇಟ್ಟರು, ಇಪ್ಪತ್ಮೂರು ತಿಂಗಳ ಬಡ್ಡಿ 1,78,250 ಸೇರಿಸಿ. ಮೇಲ್ಮನವಿ ವಜಾ ಆಗಿ ಹಣ ನನ್ನ ಖಾತೆಗೆ ಬರುವ ಹೊತ್ತಿಗೆ 2024ರ ಮಾರ್ಚ್, ಮೂರನೇ ಜಾತ್ರೆ. ವಕೀಲರ ಫೀ, ಓಡಾಟ, ಜೆರಾಕ್ಸು ಎಲ್ಲ ಕೂಡಿಸಿದರೆ ಬಡ್ಡಿಯ ಬಹುಪಾಲು ಅಲ್ಲಿಗೇ ಸರಿಹೋಯಿತು. ಮುಚ್ಚಳಿಕೆ ಬರೆದುಕೊಟ್ಟ ಇಬ್ಬರಲ್ಲಿ ಒಬ್ಬರು ಜಾತ್ರೆಯಲ್ಲಿ ಸಿಕ್ಕಿದರು. ಅವರದು ಕಂತು ಮುಗಿದಿತ್ತು. ನನ್ನದು ಏನಾಯಿತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಕಬ್ಬಿನ ಹಾಲು ಕುಡಿದೆವು.

ಕಳೆದ ಮಳೆಗಾಲದಲ್ಲಿ ಒಂದು ಕೆಲಸ ಮಾಡಿದೆ. ಅಟ್ಟದಲ್ಲಿದ್ದ ಅಕ್ಕಿಯ ಹಳೇ ಗೋಣಿಯನ್ನು ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ ಎಲೆಕ್ಟ್ರಾನಿಕ್ ಕಾಟಾದಲ್ಲಿ ತೂಗಿಟ್ಟಿದ್ದೆ, 580 ಗ್ರಾಂ. ಜುಲೈಯಲ್ಲಿ, ಮಳೆಗೆ ಹಿಡಿಯದೆ, ಬರೇ ಅಟ್ಟದ ಥಂಡಿಯಲ್ಲಿ ಬಿಟ್ಟು ಮತ್ತೆ ತೂಗಿದೆ. 640. ಆ ಲಾರಿಗಳು ಬಂದದ್ದೂ ಜೂನ್, ಜುಲೈಯಲ್ಲೇ. ಚೀಲಕ್ಕೆ 60 ಗ್ರಾಂ ಎಂದರೆ 3,696ಕ್ಕೆ ಎರಡು ಕ್ವಿಂಟಲ್ 22 ಕಿಲೋ. ಕ್ಯಾಲೆಂಡರಿನ ಹಿಂದೆ ಕಳೆದು ನೋಡಿದೆ.

"ಇನ್ನೂ ಮುಗದ್ದಿಲ್ಯಾ ನಿಮ್ಮ ಲೆಕ್ಕ?" ಎಂದಳು ಇವಳು, ಒಳಗಿಂದ.

ಹದಿನಾಲ್ಕು ಕ್ವಿಂಟಲ್ ಚಿಲ್ಲರೆ ಇನ್ನೂ ಸಿಗಬೇಕು.